ಹೊಳಪು ಅವರದು, ಹೊರೆ ಯಾರದು?

ಗಿರಣಿಯ ಸೈರನ್ನಿಗೆ ಎದ್ದು ಪಾಳಿಗೆ ಹೋಗುವವರ ಪತ್ರಿಕೆಯಲ್ಲಿ ಪರದೇಶದ ಓಟದ ಕಾರಿನ ಮಾತೇಕೆ ಎಂದು ಕೆಲವು ಬಂಧುಗಳು ಹುಬ್ಬೇರಿಸಬಹುದು. ಫೆರಾರಿ, ಪೋರ್ಷೆಗಳು ಸಾಹುಕಾರರ ಆಟದ ಸಾಮಾನು, ಅವುಗಳ ಗೊಡವೆ ನಮಗೇಕೆ ಎಂದು ನಾವೂ ಬಹುಕಾಲ ತಿಳಿದಿದ್ದೆವು. ಆ ತಿಳಿವಳಿಕೆ ತಪ್ಪೆಂದು ಪೇಟೆ ಬೀದಿಯ ಜವಳಿ ವ್ಯಾಪಾರಿಯೊಬ್ಬರ ಪಾಡು ನಮಗೆ ಕಲಿಸಿತು.

ಅವರು ತಮ್ಮನೊಡನೆ ಕೂಡಿ, ಅಂಗಡಿಯ ಮೇಲೆ ಸಾಲ ಎತ್ತಿ, ದಲ್ಲಾಳಿಯೊಬ್ಬನ ಮೂಲಕ ಹಳೆಯ ಪರದೇಶಿ ಕಾರೊಂದನ್ನು ಕೊಂಡರು. ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಡುವ ಎಣಿಕೆ. ಖಾಸಗಿ ನಂಬರಿನ ಗಾಡಿಯನ್ನು ಬಾಡಿಗೆಗೆ ಬಿಡುವುದೇ ತಪ್ಪೆಂದು ನಾವು ಅವರಿಗೆ ಮುಖಕ್ಕೇ ಹೇಳಿದ್ದೇವೆ. ಆದರೆ ಅವರನ್ನು ಮುಳುಗಿಸಿದ್ದು ಆ ತಪ್ಪಲ್ಲ. ಗಾಡಿಗೆ ಇದ್ದದ್ದು ಹೊರರಾಜ್ಯದ ನಂಬರು. ನಾಲ್ಕನೆಯ ತಿಂಗಳು ಅಧಿಕಾರಿಗಳು ತಡೆದು ಕಾಗದ ಕೇಳಿದಾಗ ಗೊತ್ತಾಯಿತು: ಇಲ್ಲಿಯ ತೆರಿಗೆ ಕಟ್ಟಿಲ್ಲ, ಹಿಂದಿನವನ ಬ್ಯಾಂಕ್ ಸಾಲ ತೀರಿಲ್ಲ, ಹೆಸರು ವರ್ಗವಾಗಿಲ್ಲ. ದಲ್ಲಾಳಿಯ ಫೋನು ಮೂಕವಾಯಿತು. ಕಾರು ಇಂದು ಗ್ಯಾರೇಜಿನ ಹಿಂದೆ ಟಾರ್ಪಾಲು ಹೊದ್ದು ಮಲಗಿದೆ. ಸಾಲದ ಕಂತು ಮಾತ್ರ ಮಲಗಿಲ್ಲ.

ಈ ವ್ಯವಹಾರದ ಒಳಗುಟ್ಟೇ ಇದು. ಮೊದಲ ಒಡೆಯ ಹೊಸ ಕಾರಿನ ಮೆರುಗನ್ನೂ, ತಪ್ಪಿಸಿದ ತೆರಿಗೆಯ ಲಾಭವನ್ನೂ ಉಂಡು ಕೈ ತೊಳೆದುಕೊಳ್ಳುತ್ತಾನೆ. ಬೆಲೆ ಇಳಿದಂತೆಲ್ಲ ಕಾರು ಕೈಯಿಂದ ಕೈಗೆ ಇಳಿಯುತ್ತ ಬರುತ್ತದೆ. ಅದರ ಬಾಕಿಗಳೂ ಜೊತೆಗೇ ಇಳಿದು, ಕೊನೆಗೆ ಕೊಂಡ ಬಡಪಾಯಿಯ ತಲೆಯ ಮೇಲೆ ಕೂರುತ್ತವೆ.

ಇದು ನಮ್ಮ ಕಲ್ಪನೆಯೇ? ದಾಖಲೆ ನೋಡಿರಿ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಒಂದೇ ಕಾರ್ಯಾಚರಣೆಯಲ್ಲಿ 30 ಐಷಾರಾಮಿ ಕಾರುಗಳನ್ನು ಹಿಡಿಯಿತು. ಹೊರರಾಜ್ಯದ ನಂಬರು, ಇಲ್ಲಿಯ ರಸ್ತೆ, ತೆರಿಗೆ ಮಾತ್ರ ಸೊನ್ನೆ. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರದ ನಂಬರಿನ ಒಂದೇ ಒಂದು ಫೆರಾರಿಯಿಂದ ವಸೂಲಾದದ್ದು ಸುಮಾರು 1 ಕೋಟಿ 41 ಲಕ್ಷ ರೂಪಾಯಿ! ಸೆಪ್ಟೆಂಬರಿನಲ್ಲಿ ಕೇರಳದ ಕಸ್ಟಮ್ಸ್ ಅಧಿಕಾರಿಗಳು ಭೂತಾನಿನ ಮಾರ್ಗವಾಗಿ ಸುಂಕ ತಪ್ಪಿಸಿ ತಂದವೆಂಬ ಆರೋಪದ ಮೇಲೆ ಹಲವು ಹಳೆಯ ವಾಹನಗಳನ್ನು ವಶಪಡಿಸಿಕೊಂಡರು. ಆ ವಾಹನಗಳು ಆಗಲೇ ಇಲ್ಲಿ ಮಾರಾಟವಾಗಿದ್ದವು.

ಇನ್ನೂ ಹಿಂದಿನ ಮಾತು. 2002ರಲ್ಲಿ ಸಚಿನ್ ತೆಂಡೂಲ್ಕರರಿಗೆ ಫೆರಾರಿ 360 ಮೊಡೆನಾ ಕಾಣಿಕೆಯಾಗಿ ಬಂದಿತು. ಅದರ ಮೇಲಿನ ಸುಮಾರು 1 ಕೋಟಿ 13 ಲಕ್ಷ ರೂಪಾಯಿ ಸುಂಕವನ್ನು ಮನ್ನಾ ಮಾಡಲು ಕೇಂದ್ರ ಸರ್ಕಾರ 2003ರಲ್ಲಿ ಹೊರಟಿತು. ಜನ ಸುಮ್ಮನಿರಲಿಲ್ಲ. ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು. ಕೊನೆಗೆ ಫಿಯಟ್ ಕಂಪನಿ ಸುಂಕ ತೆತ್ತಿತು. ಜನ ಕೇಳಿದ್ದರಿಂದ ಸುಂಕ ಬಂತು, ಕೇಳದಿದ್ದರೆ ಬರುತ್ತಿರಲಿಲ್ಲ.

ಆದುದರಿಂದ ಹಳೆಯ ಪರದೇಶಿ ಕಾರನ್ನು ಕೊಳ್ಳಹೊರಟವರಿಗೆ, ಕೊಳ್ಳುವವರ ಜೊತೆ ಹೋಗುವ ಮೇಸ್ತ್ರಿಗಳಿಗೆ ನಾವು ಹೇಳುವುದು ಇಷ್ಟು: ಮೊದಲು ಕಾಗದ, ಆಮೇಲೆ ಮೈ, ಕೊನೆಗೆ ಇಂಜಿನು. ದಲ್ಲಾಳಿ ಇದನ್ನು ತಿರುವುಮುರುವು ಮಾಡುತ್ತಾನೆ. ಮೊದಲು ಇಂಜಿನಿನ ಗರ್ಜನೆ ಕೇಳಿಸಿ ಮನಸ್ಸು ಕದಿಯುತ್ತಾನೆ, ಕಾಗದ "ನಾಳೆ ಬರುತ್ತದೆ" ಎನ್ನುತ್ತಾನೆ. ಆ ನಾಳೆ ಬರುವುದೇ ಇಲ್ಲ.

ಕಾಗದವೆಂದರೆ ಬರಿಯ ಆರ್.ಸಿ. ಅಲ್ಲ. ಬಂದರಿನಲ್ಲಿ ಸುಂಕ ಕಟ್ಟಿದ್ದಕ್ಕೆ ಬಿಲ್ ಆಫ್ ಎಂಟ್ರಿ ಇರಬೇಕು. ಅದರಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರು, ಆರ್.ಸಿ.ಯಲ್ಲಿರುವುದು, ಗಾಡಿಯ ಮೈಮೇಲೆ ಕೊರೆದಿರುವುದು, ಮೂರೂ ಒಂದೇ ಆಗಿರಬೇಕು. ಕೊರೆದ ಜಾಗದಲ್ಲಿ ಉಜ್ಜಿದ ಗುರುತು, ಹೊಸ ಬಣ್ಣ ಕಂಡರೆ ಅಲ್ಲಿಂದಲೇ ಹಿಂದಿರುಗಿರಿ. ಪ್ರವಾಸಿಗರು ಕಾರ್ನೆ ಪತ್ರದ ಮೇಲೆ ತಾತ್ಕಾಲಿಕವಾಗಿ ತಂದ ಕಾರನ್ನು ಇಲ್ಲಿ ಮಾರುವಂತಿಲ್ಲ. ಅದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿರಿ.

ಹೊರರಾಜ್ಯದ ಗಾಡಿ 12 ತಿಂಗಳು ಮೀರಿ ಇಲ್ಲಿದ್ದರೆ ಇಲ್ಲಿಯ ನಂಬರು ಪಡೆಯಲೇಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ 28ನೆಯ ನಮೂನೆ, ಕೈಯಲ್ಲಿರಲಿ. ತೆರಿಗೆ ಬಾಕಿಯಿರುವ ಗಾಡಿಯನ್ನು ಕೊಂಡವನೂ ಆ ಬಾಕಿಗೆ ಹೊಣೆಗಾರನೆಂಬುದನ್ನು ಮರೆಯಬೇಡಿರಿ. ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರವೂ 35ನೆಯ ನಮೂನೆಯೂ ಬೇಕು. 29 ಮತ್ತು 30ನೆಯ ನಮೂನೆಗಳಿಗೆ ಸಹಿ ಬಿದ್ದರಷ್ಟೇ ಸಾಲದು, ಆರ್.ಟಿ.ಓ. ದಾಖಲೆಯಲ್ಲಿ ಹೆಸರು ಬದಲಾಗಬೇಕು. ಹೆಸರು ಯಾರದೋ, ಅಪಘಾತದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಹಳೆಯ ಮೊಪೆಡ್ ಮಾರಿ ಸುಮ್ಮನೆ ಕುಳಿತ ಗಿರಣಿಯ ಗೆಳೆಯರೂ ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು.

ಇನ್ನು ಮೈ. 2015ರ ಚೆನ್ನೈ ನೆರೆಯಲ್ಲಿ, 2022ರ ಬೆಂಗಳೂರಿನ ನೆರೆಯಲ್ಲಿ ಸಾಹುಕಾರರ ಕಾರುಗಳೂ ಮುಳುಗಿದವು. ಅಂಥವು ತೊಳೆದು ಒರೆಸಿಕೊಂಡು ಮತ್ತೆ ಪೇಟೆಗೆ ಬರುತ್ತವೆ. ಸೀಟು ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿರಿ. ಕಾಲಡಿಯ ಜಮಖಾನೆಯನ್ನು ಎತ್ತಿ ಮೂಸಿರಿ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಗಾಡಿ ಕಡಿಮೆ ಓಡಿದ್ದರೂ ಟೈರಿಗೆ ಮುಪ್ಪು ತಪ್ಪದು.

ಇಂಜಿನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಿರಿ. ನೀವು ಹೋಗುವ ಮುನ್ನವೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿದ್ದಾರೆಂದು ಅರ್ಥ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಫೆರಾರಿ 360ರಂಥ ಕಾರಿನ ಟೈಮಿಂಗ್ ಬೆಲ್ಟನ್ನು ಓಡಿದ ದೂರದ ಮೇಲಲ್ಲ, ಕಳೆದ ವರ್ಷಗಳ ಲೆಕ್ಕದ ಮೇಲೂ ಬದಲಿಸಬೇಕು. ಅದು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನೇ ಹಾಳು. 1990ರ ದಶಕದ ಕೊನೆಯಿಂದ ಬಂದ ಹಲವು ಪೋರ್ಷೆ 911ಗಳಲ್ಲಿ ಇಂಜಿನಿನೊಳಗಿನ ಐ.ಎಂ.ಎಸ್. ಬೇರಿಂಗಿನ ದೋಷ ಮೇಸ್ತ್ರಿಗಳಿಗೆಲ್ಲ ಗೊತ್ತು. ಬದಲಿಸಿದ್ದಕ್ಕೆ ರಸೀತಿ ಕೇಳಿರಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇದೆ. ಹಳೆಯ ಕಾರಿನ ರಬ್ಬರು ಕೊಳವೆಗಳು ಅದನ್ನು ತಡೆಯುತ್ತವೆಯೇ ಎಂದು ವಿಚಾರಿಸಿರಿ. ಕೊಳ್ಳುವ ಬೆಲೆ ಬಾಗಿಲು ಮಾತ್ರ, ಖರ್ಚಿನ ಮನೆ ಒಳಗಿದೆ.

ಇಷ್ಟನ್ನೂ ಕೊಳ್ಳುವವನೊಬ್ಬನೇ ನೋಡಬೇಕೆಂದರೆ ಸರ್ಕಾರ ಇರುವುದೇತಕ್ಕೆ? ಹಳೆಯ ವಾಹನ ಮಾರುವ ವ್ಯಾಪಾರಿಗಳು ಆರ್.ಟಿ.ಓ. ಕಚೇರಿಯಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಅಂಥ ಪತ್ರ ಪಡೆದವರು ಎಷ್ಟು ಮಂದಿ? ಆ ಪಟ್ಟಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸಲಿ. ಪತ್ರವಿಲ್ಲದ ದಲ್ಲಾಳಿಯನ್ನು ಹಿಡಿಯಲಿ. ತೆರಿಗೆ ತಪ್ಪಿಸಿದ ಮೊದಲ ಒಡೆಯನ ಮನೆಗೂ ನೋಟೀಸು ಹೋಗಲಿ.

ತರಕಾರಿ ಹೇರಿದ ಟೆಂಪೋದವನನ್ನು ನಡುರಸ್ತೆಯಲ್ಲಿ ನಿಲ್ಲಿಸಿ ವಿಮೆ, ಹೊಗೆ ಪತ್ರ, ಪರ್ಮಿಟ್ಟು ಎಂದು ದಬಾಯಿಸುವ ಕಾನೂನು, ಕೋಟಿಯ ಕಾರಿನ ಮುಂದೆ ವರ್ಷಗಟ್ಟಲೆ ಕಣ್ಣು ಮುಚ್ಚುವುದೇಕೆ? ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ, ಆನೆಗೆ ಆರತಿ! ಈ ನ್ಯಾಯ ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ, ಬಂಧುಗಳೇ, ಬೆಳ್ಳಗಿರುವುದನ್ನೆಲ್ಲ ಹಾಲೆಂದು ಕುಡಿಯಬೇಡಿರಿ. ಕೈ ಚೀಲದ ದಾರ ಬಿಚ್ಚುವ ಮೊದಲು ಕಾಗದ ಕೇಳಿರಿ. ಕಾಗದ ಕೊಡದವನಿಗೆ ಕಾಸು ಕೊಡಬೇಡಿರಿ.