ಎದೆ ಡವಡವ ಮತ್ತು ‘ನಿಮಗೇನೂ ಇಲ್ಲ’ ಅನ್ನೋ ಮಾತು

“ರಿಪೋರ್ಟ್ ಎಲ್ಲಾ ನಾರ್ಮಲ್ ಇದೆ ಮೇಡಂ. ನಿಮಗೇನೂ ಇಲ್ಲ.”

ಈ ಮಾತನ್ನ ಕೇಳಿಸಿಕೊಂಡ, ನಲವತ್ತೈದು ದಾಟಿದ ಹೆಂಗಸರು ನಮ್ಮಲ್ಲಿ ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ನನಗಂತೂ ಮೂರು ಸಲ ಸಿಕ್ಕಿದೆ. ಇದರಲ್ಲಿ ಎರಡು ವಾಕ್ಯ ಇದೆ ನೋಡಿ. ಮೊದಲನೆಯದು ಸಂತೋಷದ ಸುದ್ದಿ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ಜಗಳ ಏನಿದ್ರೂ ಎರಡನೆಯದರ ಜೊತೆ. ಇಸಿಜಿ ನಾರ್ಮಲ್ ಅನ್ನೋದು ಒಂದು ಪರೀಕ್ಷೆಯ ಫಲಿತಾಂಶ. ‘ನಿಮಗೇನೂ ಇಲ್ಲ’ ಅನ್ನೋದು ತೀರ್ಪು. ಒಂದರಿಂದ ಇನ್ನೊಂದಕ್ಕೆ ಇಷ್ಟು ಸಲೀಸಾಗಿ ಜಿಗಿಯಬಾರದು ಅಂತ ಹೇಳೋದಕ್ಕೇ ಇವತ್ತು ಬರೀತಿದ್ದೀನಿ.

ವಿಷಯ ಮುಟ್ಟು ನಿಲ್ಲೋದರದ್ದು. ಮುಜುಗರ ಅನ್ನಿಸುವವರು ಈಗಲೇ ಬೇರೆ ಪುಟಕ್ಕೆ ಹೋಗಬಹುದು :-) ಆದ್ರೆ ಗಂಡಸರು ದಯವಿಟ್ಟು ಹೋಗಬೇಡಿ. ನಿಮ್ಮ ಮನೆಯಲ್ಲೂ ಅಮ್ಮ, ಅಕ್ಕ, ಹೆಂಡತಿ ಅಂತ ಯಾರಾದ್ರೂ ಇದ್ದೇ ಇರ್ತಾರೆ.

ನನಗೀಗ ನಲವತ್ತೆಂಟು. ಎರಡು ವರ್ಷದ ಹಿಂದೆ ಶುರುವಾಯ್ತು ಇದು. ರಾತ್ರಿ ಎರಡೂವರೆ, ಮೂರರ ಹೊತ್ತಿಗೆ ಕೆಟ್ಟ ಕನಸೂ ಇಲ್ಲದೆ, ಸದ್ದೂ ಇಲ್ಲದೆ ಎಚ್ಚರ ಆಗುತ್ತೆ. ಮೆಟ್ಟಿಲು ಹತ್ತಿ ಓಡಿ ಬಂದವಳ ಹಾಗೆ ಎದೆ ಹೊಡ್ಕೊಳ್ತಾ ಇರುತ್ತೆ. ನಡುವೆ ಒಂದು ಬಡಿತ ತಪ್ಪಿಹೋದ ಹಾಗಾಗಿ, ಮುಂದಿನದು ಒಳಗಿಂದ ಯಾರೋ ಗುದ್ದಿದ ಹಾಗೆ ಬರುತ್ತೆ. ಕತ್ತು, ಬೆನ್ನೆಲ್ಲ ಬೆವರು. ಅದರ ಹಿಂದೆಯೇ ಭಯ. ಹಾಸ್ಟೆಲ್ಲಿನಲ್ಲಿರೋ ಮಗಳಿಗೆ ಏನಾದ್ರೂ ಆಯ್ತಾ? ಊರಲ್ಲಿ ಅಮ್ಮ ಹುಷಾರಾಗಿದ್ದಾರಾ? ಅಥವಾ ನನಗೇ....?

ಕನ್ನಡದಲ್ಲಿ ಭಯಕ್ಕೂ ಎದೆಗೂ ಇರುವ ನಂಟು ನೋಡಿ. ಹೆದರಿದರೆ ಎದೆ ಝಲ್ಲೆನ್ನುತ್ತೆ, ಧಸಕ್ ಅನ್ನುತ್ತೆ, ಡವಗುಟ್ಟುತ್ತೆ. ಅಳುಕಿದವನು ಎದೆಗುಂದುತ್ತಾನೆ, ಧೈರ್ಯ ಇದ್ದವನದು ಎದೆಗಾರಿಕೆ. ಎಲ್ಲದರಲ್ಲೂ ಕ್ರಮ ಒಂದೇ: ಮೊದಲು ಭಯ, ಆಮೇಲೆ ಎದೆ ಬಡಿತ. ನನಗೆ ಆಗ್ತಿದ್ದದ್ದು ಇದರ ಉಲ್ಟಾ. ಮೊದಲು ಎದೆ ಓಡುತ್ತೆ. ಎದೆ ಓಡ್ತಾ ಇದೆ ಅಂದ್ಮೇಲೆ ಏನೋ ಆಗಿರಲೇಬೇಕು ಅಂತ ಮನಸ್ಸು ಆಮೇಲೆ ಕಾರಣ ಹುಡುಕಿಕೊಂಡು ಹೊರಡುತ್ತೆ. ರಾತ್ರಿ ಮೂರು ಗಂಟೆಗೆ ಹುಡುಕಿದ್ರೆ ಕಾರಣಗಳಿಗೇನು ಬರ! ಹಾಗೆ ಸಿಕ್ಕಿದ ಭಯ ಮತ್ತೆ ಎದೆಯನ್ನ ಓಡಿಸುತ್ತೆ. ಹೀಗೆ ಒಂದಕ್ಕೊಂದು ಜೊತೆಯಾಗಿ ಬೆಳಗಿನ ಹಾಲಿನವನು ಬರೋವರೆಗೂ ನಿದ್ದೆ ಇಲ್ಲ.

ಆದ್ದರಿಂದ “ಟೆನ್ಷನ್ ಮಾಡ್ಕೋಬೇಡಿ, ಎಲ್ಲಾ ಸರಿಹೋಗುತ್ತೆ” ಅನ್ನೋದು ಮಳೆಯಲ್ಲಿ ನಿಂತವಳಿಗೆ ನೆನೀಬೇಡ ಅಂದ ಹಾಗೆ. ಟೆನ್ಷನ್ನನ್ನ ನಾನು ಮಾಡ್ಕೊಳ್ತಿಲ್ಲ ಸ್ವಾಮಿ, ಅದು ನನ್ನನ್ನ ಮಾಡ್ತಾ ಇದೆ.

ದೇಹದಲ್ಲಿ ಏನಾಗುತ್ತೆ ಅನ್ನೋದನ್ನ ನನಗೆ ತಿಳಿದಷ್ಟು ಹೇಳ್ತೀನಿ. ಹನ್ನೆರಡು ತಿಂಗಳು ಒಂದೇ ಸಮ ಮುಟ್ಟಾಗದಿದ್ರೆ ಅದನ್ನ ಋತುಬಂಧ ಅಂತಾರೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ಕ್ಕೇ ಇದು ಬಂದುಬಿಡುತ್ತೆ, ಪಶ್ಚಿಮದ ದೇಶಗಳಲ್ಲಿ 51ರ ಆಸುಪಾಸು. ಅದಕ್ಕೆ ಮುಂಚಿನ ಕೆಲವು ವರ್ಷಗಳೇ ನಿಜವಾದ ಪರದಾಟದ ಕಾಲ. ಈಸ್ಟ್ರೋಜೆನ್ ಅನ್ನೋ ಹಾರ್ಮೋನು ಸಂಜೆ ಬೆಳಕಿನ ಹಾಗೆ ಮೆಲ್ಲಗೆ ಇಳಿದುಹೋಗೋದಿಲ್ಲ. ನಮ್ಮೂರಿನ ಕರೆಂಟಿನ ವೋಲ್ಟೇಜಿನ ಹಾಗೆ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಎದೆ ಬಡಿತ, ಬೆವರು, ಮೈಯ ಬಿಸಿ ಇವನ್ನೆಲ್ಲ ನಾವು ಹೇಳದೆಯೇ ನೋಡಿಕೊಳ್ಳುವ ನರಮಂಡಲ ಈ ಏರಿಳಿತಕ್ಕೆ ಸಿಕ್ಕಿ ತತ್ತರಿಸುತ್ತೆ. ಮೈಗೆ ಧಗ್ಗಂತ ಬಿಸಿ ಏರಿದಾಗ ನಿಮಿಷಕ್ಕೆ ಹತ್ತು ಹದಿನೈದು ಬಡಿತ ಹೆಚ್ಚಾಗೋದುಂಟು. ಕೆಲವರಿಗೆ ಬಿಸಿ ಏರದೆಯೂ ಬರೀ ಡವಡವ ಬರುತ್ತೆ.

ಇದು ನನ್ನೊಬ್ಬಳ ಕತೆಯೂ ಅಲ್ಲ. ಹಲವು ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದ 2021ರ ಒಂದು ಪರಿಶೀಲನೆಯ ಪ್ರಕಾರ, ಮುಟ್ಟು ನಿಲ್ಲುವ ಹಾದಿಯಲ್ಲಿರುವವರಲ್ಲಿ ಶೇ. 42ರವರೆಗೆ, ನಿಂತ ನಂತರದವರಲ್ಲಿ ಶೇ. 54ರವರೆಗೆ ಎದೆ ಬಡಿತದ ತೊಂದರೆ ಹೇಳಿಕೊಂಡಿದ್ದಾರೆ. ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ನಲವತ್ತೈದು ದಾಟಿದವರು ಐದು ಜನ ಇದ್ದೀವಿ. ಒಂದಿನ ಮಾತು ತೆಗೆದು ನೋಡಿದೆ, ಇನ್ನಿಬ್ಬರಿಗೆ ಇದೇ ಪಾಡು. ಒಬ್ಬರು ಪಾಠದ ನಡುವೆ ಎದೆ ಹಾರಿದಾಗ “ಈ ಲೆಕ್ಕ ನೀವೇ ಮಾಡ್ರೋ” ಅಂತ ಹೇಳಿ ಕುರ್ಚಿ ಹಿಡಿದು ಕೂತುಬಿಡ್ತಾರಂತೆ. ಎಂಟು ವರ್ಷದಿಂದ ಪಕ್ಕಪಕ್ಕದಲ್ಲಿ ಕೂತು ಊಟದ ಡಬ್ಬಿ ಹಂಚಿಕೊಂಡಿದ್ದೀವಿ, ಈ ವಿಷಯ ಮಾತ್ರ ಒಬ್ಬರಿಗೊಬ್ಬರು ಹೇಳಿರಲಿಲ್ಲ.

ಹಾಗಂತ ‘ಓ, ಇದು ಮುಟ್ಟು ನಿಲ್ಲೋ ಟೈಮು, ಹಾಗೇ ಆಗುತ್ತೆ ಬಿಡು’ ಅನ್ನೋದನ್ನೂ ನಾನು ಒಪ್ಪಲ್ಲ. ಅದೂ ಅಷ್ಟೇ ಅಪಾಯದ ಮಾತು. ‘ಏನೂ ಇಲ್ಲ’ ಅನ್ನೋದು ಒಂದು ಕಸದ ಬುಟ್ಟಿಯಾದ್ರೆ ‘ಎಲ್ಲಾ ಆ ವಯಸ್ಸಿನದ್ದೇ’ ಅನ್ನೋದು ಇನ್ನೊಂದು.

ಥೈರಾಯ್ಡ್ ಹೆಚ್ಚಾಗಿದ್ರೂ ಎದೆ ಬಡಿತ, ಬೆವರು, ಗಾಬರಿ, ನಿದ್ದೆ ಇಲ್ಲದಿರೋದು ಎಲ್ಲಾ ಹೀಗೇ ಇರುತ್ತೆ. ರಕ್ತಹೀನತೆಯೂ ಹಾಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಮುಟ್ಟು ನಿಲ್ಲೋ ಮುಂಚೆ ಕೆಲವರಿಗೆ ವಿಪರೀತ ರಕ್ತ ಹೋಗುತ್ತೆ, ಅದರಿಂದ ಹಿಮೋಗ್ಲೋಬಿನ್ ಇಳಿಯುತ್ತೆ, ಅದನ್ನ ಸರಿದೂಗಿಸೋಕೆ ಹೃದಯ ಜೋರಾಗಿ ಹೊಡ್ಕೊಳ್ಳುತ್ತೆ. ಇದಕ್ಕೆ ಔಷಧಿ ಇದೆ, ‘ವಯಸ್ಸು’ ಅಂತ ಸುಮ್ಮನಿದ್ರೆ ಅದು ಸಿಗೋದಿಲ್ಲ. ಜೊತೆಗೆ ಮುಟ್ಟು ನಿಂತ ಮೇಲೆ ಹೆಂಗಸರಿಗೆ ಹೃದ್ರೋಗದ ಅಪಾಯ ಹೆಚ್ಚಾಗೋದು ನಿಜ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2020ರಲ್ಲಿ ಇದರ ಬಗ್ಗೆಯೇ ಒಂದು ಹೇಳಿಕೆ ಹೊರಡಿಸಿತ್ತು.

ಹಾಗಾಗಿ ಮೊದಲು ಪರೀಕ್ಷೆ ಆಗಲೇಬೇಕು: ಇಸಿಜಿ, ಬಿಪಿ, ಶುಗರ್, ಹಿಮೋಗ್ಲೋಬಿನ್, ಥೈರಾಯ್ಡಿಗೆ ಟಿಎಸ್‌ಎಚ್. ಎದೆ ಹಾರೋದರ ಜೊತೆಗೆ ತಲೆ ಸುತ್ತಿ ಬಿದ್ದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದ್ರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡವರಿದ್ರೆ ಅದನ್ನ ಡಾಕ್ಟರಿಗೆ ತಪ್ಪದೆ ಹೇಳಬೇಕು.

ಆದ್ರೆ ಒಂದು ಮಾತು. ಮಾಮೂಲಿ ಇಸಿಜಿ ಹಿಡಿಯೋದು ಹತ್ತು ಸೆಕೆಂಡಿನ ಚಿತ್ರ. ರಾತ್ರಿ ಮೂರು ಗಂಟೆಗೆ ಬರೋ ಡವಡವ ಬೆಳಿಗ್ಗೆ ಹನ್ನೊಂದಕ್ಕೆ, ಕ್ಯೂನಲ್ಲಿ ಕೂತು ಟೋಕನ್ ಬಂದ ಮೇಲೆ ಮಾಡಿಸಿದ ಇಸಿಜಿಯಲ್ಲಿ ಕಾಣಿಸದಿದ್ರೆ ಆಶ್ಚರ್ಯ ಏನು? ಕಳ್ಳ ರಾತ್ರಿ ಬಂದುಹೋದ, ಪೊಲೀಸರು ಹಗಲು ಬಂದು ನೋಡಿ ‘ಇಲ್ಲಿ ಯಾವ ಕಳ್ಳನೂ ಇಲ್ಲ’ ಅಂದ ಹಾಗಾಯ್ತು. ಮೈಗೆ ಕಟ್ಟಿಕೊಂಡು 24 ಗಂಟೆ ಬಡಿತ ದಾಖಲಿಸೋ ಹೋಲ್ಟರ್ ಅನ್ನೋ ಯಂತ್ರ ಇದೆ. ಬೇಕಾ ಅಂತ ಡಾಕ್ಟರನ್ನ ಕೇಳೋದು ನಮ್ಮ ಹಕ್ಕು. ಮೂರನೇ ಸಲ ಹೋದಾಗ ನಾನೇ ಕೇಳಿದೆ. “ಗೂಗಲ್ ನೋಡಿಕೊಂಡು ಬಂದ್ರಾ?” ಅಂತ ನಕ್ಕರು, ಆದ್ರೂ ಬರೆದುಕೊಟ್ಟರು. ಅದರಲ್ಲಿ ಸಿಕ್ಕಿತು ನನ್ನ ಕಳ್ಳ: ಅವಧಿಗೆ ಮುಂಚೆಯೇ ಬರೋ ಬಿಡಿ ಬಡಿತಗಳು. ಅಂಥದೊಂದು ಬಡಿತ ಆದ ಮೇಲೆ ಹೃದಯ ಒಂದು ಕ್ಷಣ ಹೆಚ್ಚಿಗೆ ತಡೆದು ಮುಂದಿನದನ್ನ ಜೋರಾಗಿ ಹೊಡೆಯುತ್ತೆ, ಅದೇ ಆ ಗುದ್ದು. ನನ್ನ ವಿಷಯದಲ್ಲಿ ಅಪಾಯ ಇಲ್ಲ ಅಂದರು. ಅಪಾಯ ಇಲ್ಲ ಅನ್ನೋದಕ್ಕೂ ಏನೂ ಇಲ್ಲ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಅಂತ ಅವತ್ತು ಗೊತ್ತಾಯ್ತು. ಹೆಸರು ಸಿಕ್ಕಿದ ಮೇಲೆ ಅರ್ಧ ಭಯ ತಾನಾಗಿಯೇ ಇಳೀತು.

ಇನ್ನು ಟಿವಿ. 2025ರ ಜೂನ್ ಕೊನೆಯಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ದಿನವಿಡೀ ಓಡ್ತಿತ್ತಲ್ಲ, ನನ್ನ ತವರು ಅರಸೀಕೆರೆ. ನೆಂಟರಿಷ್ಟರ ಫೋನು, ವಾಟ್ಸಾಪಿನಲ್ಲಿ ಬಂದದ್ದೆಲ್ಲ ಸೇರಿ ರಾತ್ರಿಗಳು ಇನ್ನೂ ಉದ್ದ ಆದವು. ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದನ್ನ ನೀವೂ ನೋಡಿರ್ತೀರಿ. ಜುಲೈನಲ್ಲಿ ಸರ್ಕಾರದ ತಜ್ಞರ ಸಮಿತಿ, ಹಠಾತ್ ಸಾವುಗಳು ಅಸಹಜವಾಗಿ ಏರಿಲ್ಲ ಅಂತ ವರದಿ ಕೊಟ್ಟಿತು. ಆದ್ರೆ ಹೆದರಿಸೋಕೆ ಇಡೀ ದಿನ ಓಡಿದ ಸುದ್ದಿಗೂ ಸಮಾಧಾನಕ್ಕೆ ಬಂದ ಸುದ್ದಿಗೂ ದನಿಯಲ್ಲಿ ಅಜಗಜಾಂತರ. ಆವತ್ತಿಂದ ರಾತ್ರಿ ಎಂಟರ ಮೇಲೆ ನಮ್ಮನೇಲಿ ನ್ಯೂಸ್ ಚಾನೆಲ್ ಬಂದ್. ನಮ್ಮನೆಯವರಿಗೆ ಸ್ವಲ್ಪ ಕಷ್ಟವಾಯ್ತು, ಈಗ ಅಭ್ಯಾಸ ಆಗಿದೆ.

ಚಿಕಿತ್ಸೆ ವಿಷಯಕ್ಕೆ ಬಂದ್ರೆ, ಹಾರ್ಮೋನ್ ಚಿಕಿತ್ಸೆ ಅಂದ ತಕ್ಷಣ “ಅಯ್ಯೋ ಕ್ಯಾನ್ಸರ್ ಬರುತ್ತೆ” ಅನ್ನೋರೇ ಜಾಸ್ತಿ. ಈ ಭಯದ ಹಿಂದೆ ಇರೋದು ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನ. 2002ರಲ್ಲಿ ಅದರ ಒಂದು ಭಾಗವನ್ನ ನಡುವೆಯೇ ನಿಲ್ಲಿಸಿದರು, ಸ್ತನ ಕ್ಯಾನ್ಸರ್ ಮತ್ತು ಹೃದಯದ ತೊಂದರೆ ಹೆಚ್ಚಿದ್ದು ಕಂಡುಬಂದಿತ್ತು. ಆದ್ರೆ ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ಆಗದವರಿಗೆ ಲೆಕ್ಕ ಬೇರೆಯೇ ಅಂತ ನಂತರದ ವಿಶ್ಲೇಷಣೆಗಳು ತೋರಿಸಿವೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಇದು ಸಾಮಾನ್ಯವಾಗಿ ಸಲ್ಲದು. ಎಲ್ಲರೂ ತಗೊಳ್ಳಿ ಅಂತ ನಾನು ಹೇಳ್ತಿಲ್ಲ, ನಾನೂ ತಗೊಂಡಿಲ್ಲ. ನನ್ನ ತಕರಾರು ಏನಂದ್ರೆ ನನ್ನ ಮುಂದೆ ಆ ಮಾತನ್ನ ಯಾರೂ ಎತ್ತಲೇ ಇಲ್ಲ. ಬೇಡ ಅನ್ನೋದನ್ನೂ ತಿಳಿದು ಬೇಡ ಅನ್ನೋ ಅವಕಾಶ ಬೇಕಲ್ಲವಾ?

ಆತಂಕಕ್ಕೂ ಇದೇ ಮಾತು. ಕೌನ್ಸೆಲಿಂಗ್, ಬೇಕಿದ್ರೆ ಮಾತ್ರೆ ಎರಡೂ ಇವೆ. ಮನೋವೈದ್ಯರ ಹತ್ರ ಹೋದ್ರೆ ‘ಹುಚ್ಚು’ ಅನ್ನೋ ಕಾಲ ಇನ್ನೂ ಪೂರ್ತಿ ಹೋಗಿಲ್ಲ ಅನ್ನೋದು ಗೊತ್ತು. ಅಂಥವರಿಗೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದರ ಕೇಂದ್ರ. 14416ಕ್ಕೆ ಫೋನ್ ಮಾಡಿದ್ರೆ ದುಡ್ಡಿಲ್ಲದೆ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಮೂರು ಗಂಟೆಗೆ ಇದು ಸಣ್ಣ ವಿಷಯ ಅಲ್ಲ.

ನಾನೇನು ಮಾಡ್ತೀನಿ ಅಂತ ಕೇಳ್ತೀರಾ? ದೊಡ್ಡದೇನಿಲ್ಲ. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟೆ (ಇದು ತ್ಯಾಗ ಅಂತ ಕಾಫಿ ಪ್ರಿಯರಾದರೂ ಒಪ್ಪಿಕೊಳ್ಳಿ!). ಎದೆ ಹಾರಿದಾಗ ಎದ್ದು ಕೂತು ಉಸಿರನ್ನ ಮೆಲ್ಲಗೆ ಎಳೆದು ಅದಕ್ಕಿಂತ ಮೆಲ್ಲಗೆ ಬಿಡ್ತೀನಿ, ನಿಮಿಷಕ್ಕೆ ಆರೇ ಉಸಿರು. ಒಂದು ಹಳೇ ಡೈರಿಯಲ್ಲಿ ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಅಂತ ಗುರುತು ಹಾಕಿಕೊಳ್ತೀನಿ. ಡಾಕ್ಟರಿಗೆ ಹೇಳೋಕೂ ಅನುಕೂಲ, ‘ಕಳೆದ ಸಲವೂ ಹೀಗೇ ಬಂದು ಹೋಗಿತ್ತು’ ಅಂತ ನನಗೂ ಧೈರ್ಯ.

ನಾನು ಮೈನೆರೆದಾಗ ಮನೆ ತುಂಬ ಹೆಂಗಸರನ್ನ ಕರೆದು, ಹಸೆಮಣೆ ಮೇಲೆ ಕೂರಿಸಿ ಆರತಿ ಎತ್ತಿದ್ದರು. ಚಿಗಳಿ, ಕೊಬ್ಬರಿ ಬೆಲ್ಲ ಅಂತ ತಿನ್ನಿಸಿದ್ದೇ ತಿನ್ನಿಸಿದ್ದು. ಶುರುವಾಗೋದಕ್ಕೆ ಅಷ್ಟು ಸಂಭ್ರಮ ಮಾಡೋ ನಾವು ಅದು ಮುಗಿಯೋದನ್ನ ಮಾತ್ರ ಗುಟ್ಟಾಗಿ, ಒಬ್ಬೊಬ್ಬರಾಗಿ ಮುಗಿಸಿಕೊಳ್ತೀವಿ. ನಮ್ಮಮ್ಮ ಈ ವಯಸ್ಸಿನಲ್ಲಿದ್ದಾಗ ರಾತ್ರಿ ಎದ್ದು ಹೋಗಿ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂರ್ತಿದ್ದರು. ಕೇಳಿದ್ರೆ “ಜೀವ ಒಂಥರಾ ಆಗುತ್ತೆ ಕಣೇ” ಅಂತಷ್ಟೇ ಅನ್ನೋರು. ಅಜ್ಜಿ ಪಿತ್ತ ಅಂತ ಜೀರಿಗೆ ಕಷಾಯ ಮಾಡಿಕೊಡೋರು, ದೃಷ್ಟಿ ತೆಗೆಯೋರು. ‘ಒಂಥರಾ’ ಅನ್ನೋದಕ್ಕಿಂತ ಹೆಚ್ಚಿನ ಪದ ಅಮ್ಮನಿಗೆ ಯಾರೂ ಕೊಡಲಿಲ್ಲ.

ನನಗೆ ಬೇಕಾದದ್ದು ಆರತಿ ಅಲ್ಲ, ಮಾತು. ಡಾಕ್ಟರುಗಳು “ನಿಮಗೇನೂ ಇಲ್ಲ” ಅನ್ನೋ ಬದಲು “ಹೃದಯಕ್ಕೆ ಅಪಾಯ ಕಾಣ್ತಿಲ್ಲ, ಆದ್ರೆ ನಿಮಗೆ ಆಗ್ತಿರೋದು ನಿಜ, ಮುಂದೇನು ಮಾಡೋಣ ನೋಡೋಣ” ಅಂದ್ರೆ ಅವರಿಗೆ ಅರ್ಧ ನಿಮಿಷ ಹೆಚ್ಚು ಖರ್ಚಾಗಬಹುದು. ಮನೆಯವರು “ಟೆನ್ಷನ್ ಮಾಡ್ಕೋಬೇಡ” ಅನ್ನೋ ಬದಲು ಎದ್ದು ಒಂದು ಲೋಟ ನೀರು ಕೊಟ್ಟು ಪಕ್ಕದಲ್ಲಿ ಕೂತ್ರೆ ಅದಕ್ಕಿಂತ ಹೆಚ್ಚು ಉಪಕಾರ. ನಮ್ಮನೆಯವರು ಈಗ ಅದನ್ನೇ ಮಾಡ್ತಾರೆ. ಮಾತೇನೂ ಆಡಲ್ಲ, ಕೆಲವು ಸಲ ಕೂತಲ್ಲೇ ನಿದ್ದೆ ಹೋಗ್ತಾರೆ, ಆದ್ರೂ ಪರವಾಗಿಲ್ಲ.

ನಿಮ್ಮಲ್ಲಿ ಯಾರಿಗಾದ್ರೂ ಹೀಗೆ ಆಗ್ತಿದ್ರೆ ಪರೀಕ್ಷೆ ಮಾಡಿಸಿ. ನಾರ್ಮಲ್ ಬಂದ್ರೆ ಸಂತೋಷಪಡಿ, ಆದ್ರೆ ಅಲ್ಲಿಗೇ ಬಾಯಿ ಮುಚ್ಚಿಕೊಳ್ಳಬೇಡಿ. ನೀವೇನಂತೀರಿ? ಹೇಳೋಕೆ ಮನಸ್ಸಿದ್ರೆ ಕೆಳಗೆ ಬರೀರಿ, ಹೆಸರು ಹಾಕದಿದ್ರೂ ನಡೆಯುತ್ತೆ.