12 ಕಿಲೋಮೀಟರ್ ಡ್ರೋನ್ ನಮ್ಮೂರಲ್ಲಿ 1 ಕಿಲೋಮೀಟರ್‌ಗೇ ಯಾಕೆ ತಡವರಿಸುತ್ತೆ? ‘ರೇಂಜ್ ಅನ್‌ಲಾಕ್’ಗೆ ದುಡ್ಡು ಕೊಡೋ ಮುಂಚೆ ಓದಿ

2025ರ ಸೆಪ್ಟೆಂಬರ್ 22ರಿಂದ ಡ್ರೋನ್ ಮೇಲಿನ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ. ಅದಕ್ಕೂ ಮೊದಲು ಕ್ಯಾಮೆರಾ ಇರುವ ಡ್ರೋನ್‌ಗೆ ಶೇ. 18, ಸ್ವಂತ ಬಳಕೆಯ ಡ್ರೋನ್‌ಗೆ ಶೇ. 28 ತೆರಿಗೆ ಇತ್ತು. ಮದುವೆ, ಗೃಹಪ್ರವೇಶ, ಜಾತ್ರೆ ಯಾವುದೇ ಇರಲಿ, ‘ಡ್ರೋನ್ ಶಾಟ್ ಇದೆಯಾ?’ ಅಂತ ಕೇಳೋದು ಈಗ ಮಾಮೂಲು. ಹಾಗಾಗಿ ಸಣ್ಣ ಸ್ಟುಡಿಯೋದವರೂ ಒಂದು ಡ್ರೋನ್ ಇಟ್ಕೊಳ್ಳೋಣ ಅಂತ ಲೆಕ್ಕ ಹಾಕ್ತಿದ್ದಾರೆ.

ತೊಂದರೆ ಶುರುವಾಗೋದು ತಂದ ಮೇಲೆ. ಬಾಕ್ಸ್ ಮೇಲೆ 12 ಕಿಲೋಮೀಟರ್ ಅಂತ ಇರುತ್ತೆ. ಇಲ್ಲಿ ತೆಂಗಿನ ತೋಟದ ಆಚೆ ಕಳಿಸಿದ್ರೆ ಮೊಬೈಲ್ ಪರದೆಯಲ್ಲಿ ಚಿತ್ರ ನಿಂತು ನಿಂತು ಬರುತ್ತೆ. ಆಗ ಯಾರಾದರೊಬ್ಬರು ಸಿಗ್ತಾರೆ: ‘ನಿಮ್ಮದು ಲಾಕ್ ಆಗಿದೆ ಸಾರ್, ಇಷ್ಟು ಕೊಡಿ, ಅಮೆರಿಕ ಮೋಡ್‌ಗೆ ಹಾಕ್ಕೊಡ್ತೀವಿ’. ಈ ಮಾತಲ್ಲಿ ಅರ್ಧ ನಿಜ ಇದೆ. ಜೇಬಿಗೆ ಕತ್ತರಿ ಬೀಳೋದು ಉಳಿದ ಅರ್ಧದಿಂದ.

ಒಂದೇ ಡ್ರೋನ್, ಎರಡು ನಂಬರ್

ಡಿಜೆಐ ಕಂಪನಿಯ ಮಿನಿ 3 ಪ್ರೋ ಡ್ರೋನನ್ನೇ ತಗೊಳ್ಳಿ. ಸಿಗ್ನಲ್ ಎಷ್ಟು ದೂರ ತಲುಪುತ್ತೆ ಅಂತ ಕಂಪನಿಯೇ ಎರಡು ಲೆಕ್ಕ ಕೊಡುತ್ತೆ. ಅಮೆರಿಕದ ನಿಯಮದಲ್ಲಿ 12 ಕಿ.ಮೀ., ಯುರೋಪಿನ ನಿಯಮದಲ್ಲಿ 8 ಕಿ.ಮೀ. ಅದೇ ಡ್ರೋನ್, ಅದೇ ರಿಮೋಟ್, ಅದೇ ಆಂಟೆನಾ. ಬದಲಾಗೋದು ಗಾಳಿಗೆ ಬಿಡುವ ರೇಡಿಯೋ ಪವರ್ ಮಾತ್ರ.

2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಈ ಡ್ರೋನಿನ ಪವರ್ ಅಮೆರಿಕದಲ್ಲಿ 26 ಡಿಬಿಎಂ ಒಳಗೆ, ಯುರೋಪಿನಲ್ಲಿ 20 ಡಿಬಿಎಂ ಒಳಗೆ. ಡಿಬಿಎಂ ಅನ್ನೋದು ರೇಡಿಯೋ ಪವರ್ ಅಳೆಯೋ ಲೆಕ್ಕ. ನಮಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ 26 ಅಂದ್ರೆ ಸುಮಾರು 400 ಮಿಲಿವ್ಯಾಟ್, 20 ಅಂದ್ರೆ 100 ಮಿಲಿವ್ಯಾಟ್. 5.8 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಯುರೋಪಿನ ಮಿತಿ ಇನ್ನೂ ಕಮ್ಮಿ: 14 ಡಿಬಿಎಂ, ಅಂದ್ರೆ ಸುಮಾರು 25 ಮಿಲಿವ್ಯಾಟ್. ಜಪಾನ್‌ನಲ್ಲಂತೂ ಇಂಥ ಡ್ರೋನ್‌ಗಳಲ್ಲಿ 5.8 ಬಳಕೆಯೇ ಇಲ್ಲ, 2.4 ಮಾತ್ರ.

ಇಲ್ಲಿ ಒಂದು ವಿಷಯ ಗಮನಿಸಿ. ಪವರ್ 100ರಿಂದ 400ಕ್ಕೆ ಹೋದರೆ ನಾಲ್ಕು ಪಟ್ಟು. ಆದರೆ ದೂರ 8ರಿಂದ 12ಕ್ಕೆ ಅಂದ್ರೆ ಒಂದೂವರೆ ಪಟ್ಟು ಅಷ್ಟೇ. ಸಿಗ್ನಲ್ ದೂರ ಹೋದಂತೆ ಎಲ್ಲಾ ದಿಕ್ಕಿಗೂ ಹರಡಿ ತೆಳುವಾಗುತ್ತೆ. ಏನೂ ಅಡ್ಡ ಇಲ್ಲದ ಬಯಲಲ್ಲೂ ದೂರ ಎರಡು ಪಟ್ಟು ಆಗಬೇಕು ಅಂದ್ರೆ ಪವರ್ ನಾಲ್ಕು ಪಟ್ಟು ಬೇಕು. ‘ಅನ್‌ಲಾಕ್’ ಮಾಡ್ಕೊಡ್ತೀವಿ ಅನ್ನೋರು ಈ ಲೆಕ್ಕ ಹೇಳೋದಿಲ್ಲ.

ತಾನು ಎಲ್ಲಿದ್ದೀನಿ ಅಂತ ಡ್ರೋನ್‌ಗೆ ಗೊತ್ತು

ಡ್ರೋನ್ ಆನ್ ಮಾಡಿದ ಕೂಡಲೇ ಅದು ಮೊದಲು ಹುಡುಕೋದು ಉಪಗ್ರಹಗಳನ್ನ. ಜಿಪಿಎಸ್ ಸಿಕ್ಕ ಮೇಲೆ ತಾನು ಯಾವ ದೇಶದಲ್ಲಿದ್ದೀನಿ ಅಂತ ಗೊತ್ತಾಗುತ್ತೆ. ಅದರ ಸಾಫ್ಟ್‌ವೇರ್ ಒಳಗೆ ದೇಶವಾರು ಪಟ್ಟಿ ಇರುತ್ತೆ: ಯಾವ ದೇಶದಲ್ಲಿ ಯಾವ ಬ್ಯಾಂಡ್, ಎಷ್ಟು ಪವರ್. ಅದರ ಪ್ರಕಾರ ತಾನೇ ಏರಿಸಿಕೊಳ್ಳುತ್ತೆ, ತಾನೇ ಇಳಿಸಿಕೊಳ್ಳುತ್ತೆ. ದುಬೈನಿಂದ ತಂದ್ರೂ ಅಷ್ಟೇ, ಅಮೆರಿಕದಿಂದ ನೆಂಟರು ತಂದ್ರೂ ಅಷ್ಟೇ. ಕೊಂಡ ದೇಶದ ಲೆಕ್ಕ ಅಲ್ಲ, ಹಾರಿಸೋ ದೇಶದ ಲೆಕ್ಕ.

‘ಅನ್‌ಲಾಕ್’ ಅಂದ್ರೆ ಈ ಪಟ್ಟಿಗೆ ಸುಳ್ಳು ಹೇಳೋದು. ಡ್ರೋನ್ ಇಲ್ಲಿದ್ರೂ ಅಮೆರಿಕದಲ್ಲಿದೆ ಅಂತ ನಂಬಿಸೋದು. ಯುರೋಪಿನಲ್ಲಿ ಡ್ರೋನ್ ಹುಚ್ಚಿನವರು ಇದನ್ನ ವರ್ಷಗಳಿಂದ ಮಾಡ್ತಾ ಇದ್ದಾರೆ. ಅಲ್ಲಿನ ಮಿತಿ ಬಿಗಿ, ಹಾಗಾಗಿ ಅವರಿಗೆ ಒಂದು ಕಾರಣ ಇದೆ. ಅಲ್ಲಿನ ವಿಡಿಯೋ ನೋಡಿ ಇಲ್ಲೂ ಅದೇ ಕಥೆ ಅಂತ ನಂಬೋದೇ ತಪ್ಪು.

ಇಷ್ಟಕ್ಕೂ ಮಿತಿ ಯಾಕೆ?

ಸಂತೆಯಲ್ಲಿ ಒಬ್ಬ ಮೈಕ್ ಹಾಕಿದ್ರೆ ಎಲ್ಲರಿಗೂ ಕೇಳುತ್ತೆ. ಪಕ್ಕದವನು ಇನ್ನೂ ಜೋರಾಗಿ ಹಾಕ್ತಾನೆ, ಮೂರನೆಯವನು ಅದಕ್ಕಿಂತ ಜೋರು. ಕೊನೆಗೆ ಟೊಮೇಟೊ ಎಷ್ಟಕ್ಕೆ ಅನ್ನೋದೇ ಯಾರಿಗೂ ಕೇಳಲ್ಲ. 2.4 ಗಿಗಾಹರ್ಟ್ಸ್ ಬ್ಯಾಂಡ್ ಅನ್ನೋದು ಇಂಥದೇ ಒಂದು ಸಂತೆ. ನಿಮ್ಮ ಅಂಗಡಿಯ ವೈಫೈ, ವೈಫೈ ಸಿಸಿ ಕ್ಯಾಮೆರಾ, ಬಿಲ್ ಹಾಕೋ ಬ್ಲೂಟೂತ್ ಪ್ರಿಂಟರ್, ಕಿವಿಗೆ ಹಾಕೋ ಬ್ಲೂಟೂತ್ ಎಲ್ಲಾ ಇಲ್ಲೇ. ಇವಕ್ಕೆ ಯಾರೂ ಲೈಸೆನ್ಸ್ ತಗೊಂಡಿಲ್ಲ, ತಗೊಳ್ಳೋದೂ ಬೇಕಿಲ್ಲ. ಅದಕ್ಕೆ ಬದಲಾಗಿ ಒಂದೇ ಷರತ್ತು, ಎಲ್ಲರೂ ದನಿ ತಗ್ಗಿಸಿ ಮಾತಾಡಬೇಕು.

ಡ್ರೋನ್ ಇಲ್ಲದ ಅಂಗಡಿಯವರಿಗೂ ಈ ವಿಷಯ ಅದಕ್ಕೇ ಬೇಕು. ನೆಲದ ಮೇಲಿನ ರೂಟರ್‌ಗೆ ಗೋಡೆ ಅಡ್ಡ ಇರುತ್ತೆ. ಮೇಲೆ ಹಾರೋ ಡ್ರೋನ್‌ಗೆ ಯಾವ ಅಡ್ಡವೂ ಇಲ್ಲ, ಅದರ ಸಿಗ್ನಲ್ ಇಡೀ ಬೀದಿಗೆ ಬೀಳುತ್ತೆ.

ಭಾರತದ ಕಾನೂನು ಏನು ಹೇಳುತ್ತೆ?

ನಮ್ಮಲ್ಲಿ ಈ ಬ್ಯಾಂಡ್‌ಗೆ ಲೈಸೆನ್ಸ್ ಬೇಡ ಅಂತ ಕೇಂದ್ರ ಸರ್ಕಾರ 2005ರ ಜನವರಿಯಲ್ಲೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರಕಾರ 2.4 ಗಿಗಾಹರ್ಟ್ಸ್‌ನಲ್ಲಿ ಟ್ರಾನ್ಸ್‌ಮಿಟರ್ ಪವರ್ ಗರಿಷ್ಠ 1 ವ್ಯಾಟ್, ಆಂಟೆನಾ ಬಲ ಸೇರಿಸಿ 4 ವ್ಯಾಟ್. 1 ವ್ಯಾಟ್ ಅಂದ್ರೆ 1000 ಮಿಲಿವ್ಯಾಟ್. ಅಮೆರಿಕದ ಮಿತಿಯೂ ಹೆಚ್ಚು ಕಮ್ಮಿ ಇದೇ. ಯುರೋಪಿನಲ್ಲಿ ಆಂಟೆನಾ ಸೇರಿಸಿಯೇ 100 ಮಿಲಿವ್ಯಾಟ್.

ಅಂದ್ರೆ ‘ಭಾರತದ ಕಾನೂನು ನಿಮ್ಮ ಡ್ರೋನಿನ ಕತ್ತು ಹಿಸುಕಿದೆ’ ಅನ್ನೋ ಮಾತು ಸುಳ್ಳು. ಮೇಲೆ ಹೇಳಿದ ಡ್ರೋನಿನ ಅಮೆರಿಕ ಲೆಕ್ಕದ 400 ಮಿಲಿವ್ಯಾಟ್ ಕೂಡ ನಮ್ಮ ಮಿತಿಯ ಒಳಗೇ ಇದೆ.

ಆದರೆ ಅದೇ ಅಧಿಸೂಚನೆಯಲ್ಲಿ ಇನ್ನೆರಡು ಷರತ್ತು ಇವೆ. ಒಂದು, ಉಪಕರಣಕ್ಕೆ ಸರ್ಕಾರದ ಟೈಪ್ ಅಪ್ರೂವಲ್ ಇರಬೇಕು. ಇದನ್ನ ನೋಡ್ಕೊಳ್ಳೋದು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗ. ಎರಡು, ಬೇರೆಯವರಿಗೆ ಅಡಚಣೆ ಮಾಡೋ ಹಾಗಿಲ್ಲ, ನಿಮಗೆ ಅಡಚಣೆಯಾದ್ರೆ ರಕ್ಷಣೆ ಕೇಳೋ ಹಾಗೂ ಇಲ್ಲ. ಬೂಸ್ಟರ್ ಕೂರಿಸಿದ ರಿಮೋಟ್ ಅಪ್ರೂವಲ್ ಸಿಕ್ಕ ರಿಮೋಟ್ ಅಲ್ಲವೇ ಅಲ್ಲ. ಅದು ಬೇರೆಯದೇ ಸಾಮಾನು.

ನಮ್ಮ ತಾಲ್ಲೂಕಲ್ಲಿ ಸಿಗ್ನಲ್ ತಿನ್ನೋದು ಏನು?

ಕಂಪನಿಯ 12 ಕಿ.ಮೀ. ಅಳತೆ ಬಯಲಲ್ಲಿ, ಬೇರೆ ಸಿಗ್ನಲ್ ಇಲ್ಲದ ಕಡೆ ಮಾಡಿದ್ದು. ಅದೇ ಕಂಪನಿ ಕಟ್ಟಡ, ವೈಫೈ ಜಾಸ್ತಿ ಇರೋ ಪೇಟೆ ಜಾಗಕ್ಕೆ ಕೊಡೋ ಅಂದಾಜು ಒಂದೂವರೆಯಿಂದ 3 ಕಿ.ಮೀ. ಅಷ್ಟೇ, ಅದೂ ಅಮೆರಿಕದ ಪವರ್‌ನಲ್ಲಿ! ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ಬರೋದು ಮೊದಲನೇ ನಂಬರ್.

ತಿಪಟೂರು, ಚಿಕ್ಕನಾಯಕನಹಳ್ಳಿ, ಗುಬ್ಬಿ ಕಡೆ ತೆಂಗು, ಅಡಿಕೆ ತೋಟವೇ ಜಾಸ್ತಿ. ಎಲೆಯಲ್ಲಿರೋ ನೀರು ಈ ಸಿಗ್ನಲ್ ಹೀರುತ್ತೆ. ಮಳೆ ಬಿದ್ದ ಮೇಲೆ ಇನ್ನೂ ಜಾಸ್ತಿ. ರಿಮೋಟ್ ಹಿಡಿದು ತೋಟದೊಳಗೆ ನಿಂತು, ಡ್ರೋನ್ ಮಾತ್ರ ಮರದ ಆಚೆ ತಗ್ಗಲ್ಲಿ ಹಾರಿಸಿದ್ರೆ ಮಧ್ಯೆ ಹಸಿರು ಗೋಡೆ ಎದ್ದ ಹಾಗೆ. ದೇವರಾಯನದುರ್ಗದಂಥ ಕಡೆ ಡ್ರೋನ್ ಬೆಟ್ಟದ ಹಿಂದೆ ಹೋಯ್ತು ಅಂದ್ರೆ 400 ಅಲ್ಲ, 1000 ಮಿಲಿವ್ಯಾಟ್ ಹಾಕಿದ್ರೂ ಬಂಡೆ ದಾಟಲ್ಲ.

ಇನ್ನು ಬೂಸ್ಟರ್ ವಿಷಯ. ರಿಮೋಟ್ ಮತ್ತು ಡ್ರೋನ್ ನಡುವೆ ಮಾತು ಎರಡೂ ಕಡೆ ನಡೆಯುತ್ತೆ. ರಿಮೋಟ್ ಹೇಳೋದು ಚಿಕ್ಕ ಮಾತು: ಎಡಕ್ಕೆ ಹೋಗು, ಮೇಲೆ ಹೋಗು. ಡ್ರೋನ್ ವಾಪಸ್ ಕಳಿಸೋದು ದೊಡ್ಡ ಹೊರೆ, ಲೈವ್ ವಿಡಿಯೋ. ಮೊದಲು ಕೈಕೊಡೋದು ವಿಡಿಯೋನೇ. ರಿಮೋಟ್‌ಗೆ ಮಾತ್ರ ಬಲ ಕೊಟ್ರೆ ನೀವು ಕೂಗಿದ್ದು ಅದಕ್ಕೆ ಕೇಳುತ್ತೆ, ಅದು ಹೇಳಿದ್ದು ನಿಮಗೆ ಕೇಳಲ್ಲ.

ಬ್ಯಾಟರಿ ಲೆಕ್ಕವನ್ನೂ ನೋಡಿ. ಇದೇ ಡ್ರೋನ್ ಮಾಮೂಲಿ ಬ್ಯಾಟರಿಯಲ್ಲಿ ಗಾಳಿ ಇಲ್ಲದಾಗ ಒಟ್ಟು 18 ಕಿ.ಮೀ. ಹಾರಬಲ್ಲದು ಅಂತ ಕಂಪನಿ ಹೇಳುತ್ತೆ. 12 ಕಿ.ಮೀ. ಹೋಗಿ ವಾಪಸ್ ಬರೋಕೆ 24 ಬೇಕು. ಅಂದ್ರೆ ಆ 12 ಕಿ.ಮೀ. ರೇಂಜ್ ಹೋಗೋಕೆ ಮಾತ್ರ, ಬರೋಕಲ್ಲ.

ಕೊಳ್ಳೋ ಮುಂಚೆ, ಬಾಡಿಗೆಗೆ ಕರೆಯೋ ಮುಂಚೆ ನೋಡಬೇಕಾದ್ದು

ಬಿಲ್: 2022ರ ಫೆಬ್ರವರಿ 9ರಿಂದ ವಿದೇಶಿ ರೆಡಿಮೇಡ್ ಡ್ರೋನ್ ಆಮದನ್ನ ಕೇಂದ್ರ ನಿಷೇಧಿಸಿದೆ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ‘ಹೊಸ ಪೀಸ್, ಬಿಲ್ ಕೇಳ್ಬೇಡಿ’ ಅಂದ್ರೆ ಅದು ಯಾವ ದಾರಿಯಲ್ಲಿ ಬಂದಿದೆ ಅಂತ ಯೋಚಿಸಿ. ಕೆಟ್ಟರೆ ವಾರಂಟಿ ಕೇಳೋಕೆ ಜಾಗ ಇರಲ್ಲ. ಶೇ. 5 ಜಿಎಸ್‌ಟಿ ಲಾಭ ಸಿಗೋದೂ ಬಿಲ್ ಇದ್ದವರಿಗೇ.

ತೂಕ: 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೋ. ಮಿನಿ 3 ಪ್ರೋ ಮಾಮೂಲಿ ಬ್ಯಾಟರಿಯಲ್ಲಿ 250 ಗ್ರಾಂ ಒಳಗಿದೆ, ದೊಡ್ಡ ಬ್ಯಾಟರಿ ಹಾಕಿದ ಕೂಡಲೇ ದಾಟುತ್ತೆ. ಮೈಕ್ರೋ ಡ್ರೋನನ್ನ ದುಡ್ಡಿಗೆ ಹಾರಿಸೋರಿಗೆ ನೋಂದಣಿ ಸಂಖ್ಯೆ, ರಿಮೋಟ್ ಪೈಲಟ್ ಸರ್ಟಿಫಿಕೇಟ್, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎಲ್ಲಾ ಬೇಕು. ನಿಯಮ ಮುರಿದರೆ ದಂಡ 1 ಲಕ್ಷ ರೂ.ವರೆಗೆ ಬೀಳಬಹುದು. ಮದುವೆ ಮನೆಯವರು ಅಡ್ವಾನ್ಸ್ ಕೊಡೋವಾಗಲೇ ಈ ಕಾಗದ ತೋರಿಸಿ ಅನ್ನಿ. ಊಟದ ಪಂಕ್ತಿ ಮೇಲೆ ಬಿದ್ದ ಮೇಲೆ ಕೇಳಿದ್ರೆ ಏನೂ ಪ್ರಯೋಜನ ಇಲ್ಲ.

ಜಾಗ: ಹಸಿರು ವಲಯದಲ್ಲಿ 400 ಅಡಿ, ಅಂದ್ರೆ 120 ಮೀಟರ್ ಎತ್ತರದವರೆಗೆ ಹಾರಿಸಬಹುದು. ಹಳದಿ, ಕೆಂಪು ವಲಯಕ್ಕೆ ಅನುಮತಿ ಬೇಕು. ಗುಬ್ಬಿ ತಾಲ್ಲೂಕಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯೇ ಇದೆ. ಹಾಗಾಗಿ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹಾರಿಸೋದು ಜಾಣತನ ಅಲ್ಲ.

ವಾಪಸ್ ಬರೋ ಎತ್ತರ: ಸಿಗ್ನಲ್ ಕಡಿದ್ರೆ ಡ್ರೋನ್ ತಾನಾಗಿ ಹೊರಟ ಜಾಗಕ್ಕೆ ಮರಳುತ್ತೆ. ಎಷ್ಟು ಎತ್ತರದಲ್ಲಿ ಮರಳಬೇಕು ಅನ್ನೋದನ್ನ ನೀವು ಸೆಟ್ ಮಾಡಬೇಕು. ಸುತ್ತಲಿನ ಅತಿ ಎತ್ತರದ ತೆಂಗಿನ ಮರ, ಮೊಬೈಲ್ ಟವರ್, ಕರೆಂಟ್ ಲೈನ್ ಇವೆಲ್ಲಕ್ಕಿಂತ ಮೇಲಿರಲಿ. ಅನ್‌ಲಾಕ್‌ಗೆ ಕೊಡೋ ದುಡ್ಡಿಗಿಂತ, ಪುಕ್ಕಟೆ ಸಿಗೋ ಈ ಒಂದು ಸೆಟ್ಟಿಂಗ್ ಜಾಸ್ತಿ ಡ್ರೋನ್ ಉಳಿಸುತ್ತೆ.

ಇನ್ನು ಕೊನೇ ಮಾತು. ಛತ್ರದ ಮುಂದೆ ದಿಬ್ಬಣ ತೆಗೆಯೋಕೆ, ತೇರು ತೋರಿಸೋಕೆ, ತೋಟದ ವಿಡಿಯೋ ಮಾಡೋಕೆ ಬೇಕಾಗೋ ದೂರ ಕೆಲವು ನೂರು ಮೀಟರ್. ತೋಟಕ್ಕೆ ಔಷಧಿ ಹೊಡೆಯೋ ದೊಡ್ಡ ಡ್ರೋನ್‌ಗೂ ಅಷ್ಟೇ. ಅಷ್ಟು ದೂರಕ್ಕೆ 100 ಮಿಲಿವ್ಯಾಟ್ ಧಾರಾಳ. ಅಂಗೈ ಅಗಲದ ಡ್ರೋನ್ ಅರ್ಧ ಕಿಲೋಮೀಟರ್ ಆಚೆ ಹೋದ್ರೆ ಕಣ್ಣಿಗೇ ಕಾಣಲ್ಲ. ಕಾಣದ ಡ್ರೋನ್ ಯಾರ ತಲೆ ಮೇಲೆ ಇದೆ ಅಂತ ಹಾರಿಸೋನಿಗೇ ಗೊತ್ತಿರಲ್ಲ. ರೇಂಜ್ ಸಾಲಲ್ಲ ಅನಿಸಿದ್ರೆ ತೋಟದಿಂದ ಆಚೆ ಬಂದು ಬಯಲಲ್ಲೋ ಮಾಳಿಗೆ ಮೇಲೋ ನಿಂತು, ಡ್ರೋನ್ ಕಣ್ಣಿಗೆ ಕಾಣೋ ಹಾಗೆ ಹಾರಿಸಿ. ಅದಕ್ಕೆ ಯಾರೂ ದುಡ್ಡು ಕೇಳಲ್ಲ.