ಉಜ್ಜಿದ ಕಾಸು

ನಾಣ್ಯಸಂಗ್ರಹದ ಗುಣಮಟ್ಟದ ಮಾತು ಬಂದಾಗಲೆಲ್ಲ ಹೊಳಪಿಗೇ ಮೊದಲ ಮಣೆ. ನಾವೂ ಹಾಗೆಯೇ ನಂಬಿದ್ದವರು. ಮುಂಬಯಿಗೆ ವರ್ಗವಾಗಿ ಬಂದ ಹೊಸತರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆನೆಯ ತಾಮ್ರದ ಕಾಸುಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜಿದೆವು. ಕಂದು ಪೊರೆಯೊಡನೆ ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರಗಳ ಅಂಚೂ ಸವೆಯಿತು. ಪರಊರಿನ ಅಂಗಡಿಯಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಆ ಅಕ್ಷರಗಳೇ.

ಈಗ ನಾಣ್ಯಕ್ಕೆ 1ರಿಂದ 70ರವರೆಗೆ ಅಂಕ ಕೊಡುವ ರೂಢಿ ಬಂದಿದೆ. ವಿಲಿಯಂ ಶೆಲ್ಡನ್ 1949ರಲ್ಲಿ ಆ ಕ್ರಮವನ್ನು ರೂಪಿಸಿದ್ದು ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗಾಗಿ. ನಮ್ಮ ಕಾಸು ಸುತ್ತಿಗೆಯ ಪೆಟ್ಟಿನಲ್ಲಿ ಮೂಡಿದ್ದು. ಅಚ್ಚು ಬಿಲ್ಲೆಗಿಂತ ದೊಡ್ಡದಾದರೆ ಅರ್ಧ ಬರಹ ಅಂಚಿನಾಚೆಗೇ ಉಳಿದುಬಿಡುತ್ತದೆ. ಅದನ್ನು ಸವಕಲೆಂದು ಎಣಿಸಿ ಅಂಕ ಕಳೆಯುವುದು ನ್ಯಾಯವಲ್ಲ.

ನಾವು ಈಗ ನೋಡುವುದು ಬರಹ ಎಷ್ಟು ಓದಬರುತ್ತದೆ, ಮೇಲ್ಮೈಯನ್ನು ಯಾರೂ ಉಜ್ಜದೆ ಬಿಟ್ಟಿದ್ದಾರೆಯೆ ಎಂಬುದನ್ನು. ಎಲ್ಲಿ ದೊರೆಯಿತೆಂಬ ದಾಖಲೆಯನ್ನೂ ಕೇಳುತ್ತೇವೆ, ತೂಕವನ್ನು ಬರೆದಿಡುತ್ತೇವೆ (ಸರ್ಕಾರಿ ನೌಕರಿಯ ಚಾಳಿ ಬಿಟ್ಟೀತೆ?). ಥಳಥಳಿಸುವ ಕಾಸೊಂದನ್ನು ಈಚೆಗೆ ಕೊಳ್ಳದೆ ಬಂದೆವು. ಅಂದು ಉಜ್ಜಿದವು ಮಾತ್ರ ಪೆಟ್ಟಿಗೆಯಲ್ಲೇ ಇವೆ, ‘ನಾವೇ ಕೆಡಿಸಿದ್ದು’ ಎಂಬ ಚೀಟಿಯೊಡನೆ.